ಸೌಭಾಗ್ಯಳನ್ನು ಗುಣ ಮಾಡಿದವರು

ಸುರಪುರದ ಬಟ್ಟೆ ಅಂಗಡಿ ವಿಶ್ವರಾಧ್ಯನ ಹೆಂಡತಿ ಸೌಭಾಗ್ಯ ಗುಣವಾದಳು ಎಂಬ ಸುದ್ದಿ ಹಬ್ಬಿದ್ದೇ ತಡ, ಅವಳನ್ನು ಗುಣ ಮಾಡಿದವರು ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಆರು ವರ್ಷ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಈ ಹೊಸ್ತಿಲು ತುಳಿಯಲು ಪುರುಸೊತ್ತಿಲ್ಲದ ಮಂದಿ ಈಗ ಪಡಸಾಲೆಯಲ್ಲಿ ಕಾಲು ಮಡಚಿ ಕೂತು, ಚಹಾವನ್ನು ಬಸಿಗೆ ಸುರುವಿಕೊಂಡು, ಆಸ್ತಿಯಲ್ಲಿ ಪಾಲು ಕೇಳಲು ಬಂದವರಂತೆ ಮಾತಾಡಿದರು.

ಮೈದುನ ಮಲ್ಲು ಹೈಸ್ಕೂಲಿನಲ್ಲಿ ಪೀಟಿ ಮಾಸ್ತರ. ಅವನ ಪ್ರಕಾರ ವೈನಿಯನ್ನು ಎಬ್ಬಿಸಿದ್ದು ಬೋನಾಳ ಕೆರೆಯ ಗಾಳಿ. ಎರಡು ವರ್ಷದ ಕೆಳಗೆ ಒಂದು ಚಳಿಗಾಲ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಸುಕಿನಲ್ಲಿ ಆ ಕೆರೆಗೆ ಒಯ್ಯುತ್ತಿದ್ದ. ಹಕ್ಕಿ ನೋಡಿದರೆ ಮನಸ್ಸು ಹಗುರಾಗುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ಕೇಳಿದ್ದನಂತೆ. ಸೌಭಾಗ್ಯ ಏರಿಯ ಮೇಲೆ ಶಾಲು ಹೊದ್ದು ಕೂತು ಹಕ್ಕಿಗಳನ್ನು ನೋಡುತ್ತಿದ್ದಳು. ಮಲ್ಲು ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿದ್ದ. ಹಕ್ಕಿಗಳಿಗೆ ಬೇಸರ ಬಂದರೆ ಹಾರಿ ಹೋಗುವ ಸವಲತ್ತಾದರೂ ಇದೆ ಎಂದು ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ. ಶಹಾಪುರಕ್ಕೆ ಕೊಟ್ಟ ನಾದಿನಿ ಬಸವೇಶ್ವರಿಯದು ಇನ್ನೊಂದು ವಾದ. "ಶಹಾಪುರದಾಗ ಬುದ್ಧನ ಗುಡ್ಡ ಮಲಗಿದಂಗ ಮಲಗಿದ್ಲು. ದಿನಾ ಫೋನ್ ಮಾಡಿ ನಗು, ನಗು ಅಂತ ನಾನೇ ಹೇಳಿ ಹೇಳಿ ಎಬ್ಬಿಸೀನಿ" ಎಂದಳು. ನಗು ಎಂದು ಹೇಳಿದ್ದು ನಿಜ. ಹೇಳಿ ಮುಗಿದ ಮೇಲೆ ಇನ್ನೊಂದು ಹಡೆದರೆ ಎಲ್ಲ ಸರಿಹೋಗುತ್ತದೆ ಎಂದೂ ಸೇರಿಸುತ್ತಿದ್ದಳು.

ಆದರೆ ಎಲ್ಲರಿಗಿಂತ ದೊಡ್ಡ ಪಾಲು ಅತ್ತೆ ಸೂಗಮ್ಮನದು. ಅವಳ ಕತೆ ಕೇಳಲು ಬಂದ ನೆಂಟರು ಚಹಾ ಆರಿದರೂ ಏಳುತ್ತಿರಲಿಲ್ಲ.

"ಯಾದಗಿರಿ ಡಾಕ್ಟರ್ ತಲಿಗೆ ಕರೆಂಟ್ ಕೊಡ್ತೀನಂದ. ಕೊಟ್ಟ, ಎರಡ ಸಲ. ಹುಡುಗಿ ಇದ್ದದ್ದಕ್ಕಿಂತ ಕೆಟ್ಟಳು. ಸಾಕಪಾ ನಿನ್ನ ಕರೆಂಟು ಅಂದೆ. ಬಿಡಿಸ್ಕೊಂಡು ಬಂದು, ಅಬ್ಬೆತುಮಕೂರು ಮಠಕ್ಕ ಹೋಗಿ ಅಜ್ಜನ ಗದ್ದಗಿಗೆ ಹಣಿ ಹಚ್ಚಿಸಿ, ಅಂಗಾರದ ಬೂದಿ ಇಟ್ಟೆ. ತಿಂಗಳದಾಗ ಎದ್ದು ರೊಟ್ಟಿ ಬಡಿಯಾಕ ಕುಂತಳು ನೋಡ್ರಿ."

ಕರೆಂಟಿನ ಮಾತು ಹತ್ತಿರದ ನೆಂಟರ ನಡುವೆ ಮಾತ್ರ. ಪೇಟೆಗೆ ಹೇಳಿದ್ದು ಥೈರಾಯ್ಡ್. ಥೈರಾಯ್ಡ್ ಮರ್ಯಾದಸ್ಥರ ರೋಗ. ತಲೆಗೆ ಕರೆಂಟು ಕೊಡಿಸಿಕೊಂಡವಳು ಎಂದರೆ ನಾಳೆ ಮೊಮ್ಮಗಳಿಗೆ ಗಂಡು ಯಾರು ಕೊಡುತ್ತಾರೆ ಎಂಬುದು ಸೂಗಮ್ಮನ ಚಿಂತೆ. ಮೊಮ್ಮಗಳು ಇನ್ನೂ ನಾಲ್ಕನೇ ಇಯತ್ತೆಯಲ್ಲಿದ್ದಳು.

ಸೌಭಾಗ್ಯ ಈ ಕತೆಗಳನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇರೆ ಯಾರದೋ ಕತೆ ಎಂಬಂತೆ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಏನೂ ನೆನಪಿರಲಿಲ್ಲ. ಎಲ್ಲರಿಗೂ ಅದೇ ಅನುಕೂಲವಾಗಿತ್ತು. ಆ ಚಿಕಿತ್ಸೆ ಕೆಲವರ ನೆನಪಿನಿಂದ ಆಚೀಚಿನ ಕೆಲವು ವಾರಗಳನ್ನು ಒರೆಸಿಬಿಡುತ್ತದೆ. ಅವಳಿಗೆ ಯುಗಾದಿಯಿಂದ ಕಾರಹುಣ್ಣಿಮೆಯವರೆಗಿನ ದಿನಗಳು ಹೋಗಿಬಿಟ್ಟಿದ್ದವು. ಹೋಳಿಗೆ ತಿಂದದ್ದು ನೆನಪಿಲ್ಲ, ಮಗಳ ಶಾಲೆಯ ಫಲಿತಾಂಶ ಬಂದದ್ದು ನೆನಪಿಲ್ಲ. ಒಂದು ಬಿಳಿ ಚಾವಣಿ, ಸ್ಪಿರಿಟ್ಟಿನ ವಾಸನೆ, ಇಷ್ಟೇ ಉಳಿದದ್ದು. ಹಾಗೆ ಖಾಲಿ ಬಿದ್ದ ಜಾಗದಲ್ಲಿ ಯಾರು ಬೇಕಾದರೂ ಬಂದು ಗೂಟ ಹೊಡೆಯಬಹುದಿತ್ತು, ಹೊಡೆದರು.

ಅದರ ಹಿಂದಿನ ಆರು ವರ್ಷ ಮಾತ್ರ ಚೆನ್ನಾಗಿ ನೆನಪಿತ್ತು. ಬಿಳಿ ಗುಳಿಗೆ, ಹಳದಿ ಗುಳಿಗೆ, ಅರ್ಧ ನೀಲಿ ಗುಳಿಗೆ. ಒಂದು ಅವಳನ್ನು ಊದಿಸಿತು, ಒಂದು ಬಾಯಿ ಒಣಗಿಸಿತು, ಯಾವುದೂ ಎಬ್ಬಿಸಲಿಲ್ಲ. ಯಾದಗಿರಿಯಲ್ಲಿ ಮಾತಾಡಿಸಿ ಚಿಕಿತ್ಸೆ ಕೊಡುವ ಒಬ್ಬ ಹುಡುಗಿಯ ಬಳಿಗೂ ಹೋಗಿದ್ದಳು. ಮೈಸೂರು ಕಡೆಯವಳು, ಒಳ್ಳೆಯವಳೇ. ಆದರೆ "ನಿಮಗೆ ಈ ಕ್ಷಣ ಹೇಗನ್ನಿಸುತ್ತಿದೆ?" ಎಂದು ಅವಳು ಕೇಳಿದಾಗಲೆಲ್ಲ ಸೌಭಾಗ್ಯಳಿಗೆ ಟೀವಿ ವಾರ್ತೆಯವರು ತನ್ನನ್ನೇ ಪ್ರಶ್ನೆ ಕೇಳಿದಂತಾಗಿ ಬಾಯಿ ಕಟ್ಟುತ್ತಿತ್ತು. ಸಾಯಬೇಕು ಎನ್ನುವ ಹಟವೂ ಇರಲಿಲ್ಲ, ಇರಬೇಕು ಎನ್ನುವ ಆಸೆಯೂ ಇರಲಿಲ್ಲ. ಮಗಳು ತನ್ನ ಜಡೆ ತಾನೇ ಸೊಟ್ಟಪಟ್ಟ ಹಾಕಿಕೊಂಡು ಶಾಲೆಗೆ ಹೋಗುವುದನ್ನು ಹಾಸಿಗೆಯಿಂದಲೇ ನೋಡುತ್ತಿದ್ದಳು. ಎದ್ದು ಎರಡು ಹೆಣಿಗೆ ಹಾಕಬೇಕು ಎಂದು ಗೊತ್ತಿತ್ತು, ಕೈ ಏಳುತ್ತಿರಲಿಲ್ಲ. ಎಲ್ಲ ಸತ್ತಂತಿದ್ದ ಆ ಕಾಲದಲ್ಲಿ ಅವಳೊಳಗೆ ಜೀವ ಹಿಡಿದಿದ್ದದ್ದು ತಿರಸ್ಕಾರ ಒಂದೇ. ಅಪರೂಪಕ್ಕೆ ನೋಡಲು ಬಂದವರು ಬುದ್ಧಿ ಹೇಳಿ ಹೋಗುವಾಗ, ತುಟಿ ಬಿಚ್ಚಲಾರದೆ, ಒಳಗೊಳಗೇ ಅವರ ನೀರಿಳಿಸುತ್ತಿದ್ದಳು. ಅದೂ ಇಲ್ಲದಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಅದು ಮತ್ತೆ ಬಂತು. ಮೊದಲು ನಸುಕಿಗೂ ಮುಂಚೆ ಎಚ್ಚರವಾಗುವುದು. ಆಮೇಲೆ ಬಾಯಿಗೆ ರುಚಿ ಹೋಗಿ ರೊಟ್ಟಿ ಮಣ್ಣಾಯಿತು. ಒಂದು ಮುಂಜಾನೆ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಕೂತವಳಿಗೆ ನಾದಲು ಕೈ ಬರಲಿಲ್ಲ. ಹಿಟ್ಟು ತಣ್ಣಗಾಗುತ್ತಿದ್ದದ್ದನ್ನು ನೋಡುತ್ತ ಕೂತಳು. ಭಯವಾಯಿತು. ಆರು ವರ್ಷ ಆ ಬಾವಿಯಲ್ಲಿ ಇದ್ದು ಬಂದವಳು, ಇನ್ನೊಮ್ಮೆ ಇಳಿದರೆ ಹತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎದ್ದು ನೇರವಾಗಿ ಅಂಗಡಿಗೆ ಹೋದಳು. ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು.

"ಮತ್ತ ಬರಾಕತ್ತದ್ರಿ" ಅಂದಳು.

ವಿಶ್ವರಾಧ್ಯ ಬಟ್ಟೆಯ ಥಾನು ಸುತ್ತುತ್ತಿದ್ದ. "ಏನು?"

"ಏನಂತ ಕೇಳಬ್ಯಾಡ್ರಿ. ನಿಮಗ ಗೊತ್ತದ. ಡಾಕ್ಟರ್ ಹೋದ ಸಲ ಏನಂದಿದ್ರು? ಮತ್ತ ಬರ್ರಿ ಅಂದಿದ್ರೇನು?"

ವಿಶ್ವರಾಧ್ಯ ಸುತ್ತಿದ ಥಾನನ್ನು ಮತ್ತೆ ಬಿಚ್ಚತೊಡಗಿದ. ಮುಟ್ಟಿ ನೋಡಿಯೇ ಇಳಕಲ್ ಸೀರೆಯ ರೇಷ್ಮೆ ಅಸಲಿಯೋ ನಕಲಿಯೋ ಎಂದು ಹೇಳಬಲ್ಲ ಗಂಡಸು ಅವನು. ಡಾಕ್ಟರು ತನ್ನ ಮುಖಕ್ಕೇ ಹೇಳಿದ ಮಾತು ಏನೆಂದು ಹೇಳಲು ಮಾತ್ರ ಅವನಿಗೆ ಅಪ್ಪಣೆ ಬೇಕಾಗಿತ್ತು.

"ಅವ್ವನ್ನ ಒಂದು ಮಾತು ಕೇಳ್ತೀನಿ" ಅಂದ.

ಅವ್ವ ಕರೆಯುವ ಮೊದಲೇ ಬಂದಳು. ವಿಷಯ ಕೇಳಿ ಅವಳೇನೂ ಗಾಬರಿಯಾಗಲಿಲ್ಲ. "ಬರೂ ಅಮಾಸಿಗೆ ಅಬ್ಬೆತುಮಕೂರಿಗೆ ಹೋಗಿ ಬರೂಣ. ಅಲ್ಲೀತನ ದಿನಾ ಅಂಗಾರ ಹಚ್ಕೋ. ಎದ್ದು ಕೆಲಸಕ್ಕ ಹತ್ತು, ಸುಮ್ನ ಕುಂತ್ರ ಮನಸು ಕೆಡ್ತದ" ಎಂದಳು.

ಸೌಭಾಗ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೊಳಗೇ ನೀರಿಳಿಸಿ ಇಳಿಸಿ ಅವಳಿಗೆ ಸಾಕಾಗಿತ್ತು.

"ಅತ್ತೀ, ಆರು ವರ್ಷ ನೀವು ನನಗ ಅಂಗಾರ ಹಚ್ಚೀರಿ. ನನ್ನ ಹಣಿ ಒಂದಿನನೂ ಖಾಲಿ ಇದ್ದಿಲ್ಲ. ಆರು ವರ್ಷ ಆಗಲಾರದ್ದು ಆ ಒಂದ ತಿಂಗಳದಾಗ ಹ್ಯಾಂಗ ಆತು?"

"ನಿನ್ನ ಭಕ್ತಿ ಕಡಿಮಿ ಇತ್ತು."

"ಕರೆಂಟ್ ಕೊಟ್ಟ ತಿಂಗಳ ಜಾಸ್ತಿ ಆತೇನು?" ಸೌಭಾಗ್ಯ ನಕ್ಕಳು. ಒಳ್ಳೆಯ ನಗುವಲ್ಲ ಅದು. "ಅಜ್ಜನ ಮ್ಯಾಲ ನನಗೇನೂ ಸಿಟ್ಟಿಲ್ರಿ. ಮಠದಾಗ ಯಾರೂ ದವಾಖಾನಿ ಬಿಡು ಅಂದಿಲ್ಲ. ಅಂದಾಕಿ ನೀವು. ಎರಡ ಸಲ ಕೊಟ್ಟು ನಡುವ ಬಿಡಿಸ್ಕೊಂಡು ಬಂದ್ವಿ ಅಂತೀರಿ. ಹಂಗಿದ್ರ ಉಳಿದದ್ದು ಕೊಡಿಸ್ರಿ. ಅರ್ಧ ಆಗಿದ್ದಕ್ಕೇ ಹೊಳ್ಳಿ ಬಂದದ ಅಂತ ತಿಳೀತೀನಿ."

ಇಲ್ಲಿ ಸೂಗಮ್ಮ ಸುಮ್ಮನಿದ್ದಿದ್ದರೆ ಅವಳ ಕತೆ ಬದುಕಿಕೊಳ್ಳುತ್ತಿತ್ತು. ಆದರೆ ಅವಳಿಗೆ ಆ ದವಾಖಾನೆಯ ಮೇಲೆ ಒಂದು ಹಳೆಯ ಸಿಟ್ಟಿತ್ತು. ಕೆಣಕಿದರೆ ಉಕ್ಕದೆ ಇರುತ್ತಿರಲಿಲ್ಲ.

"ಆ ದವಾಖಾನಿ ಹೆಸರು ತಗೀಬ್ಯಾಡ ನನ್ನ ಮುಂದ! ಪ್ರಸಾದಕ್ಕ ಬೆಲಿ ಇಲ್ಲ ಅಲ್ಲಿ. ಐದನೇ ಸಲ ಹೋದಾಗ ಮುಂಜಾನಿ ನಿನಗ ಒಂದ್ ಬಟ್ಟಲ ಸಜ್ಜಕ ಪ್ರಸಾದ ಅಂತ ತಿನ್ನಿಸಿದ್ದೆ. ಏನರ ತಿಂದಾಳೇನು ಅಂತ ನರ್ಸು ಕೇಳಿದಳು. ಏನೂ ತಿಂದಿಲ್ಲ ಅಂದೆ. ಲಿಂಗ ಮುಟ್ಟಿ ಹೇಳೀನಿ. ಪ್ರಸಾದ ಏನು ಊಟ ಅದನ? ನೀ ಮಂಪರಿನ್ಯಾಗ ವಾಂತಿ ಮಾಡ್ಕೊಂಡಿ. ಅದಕ್ಕ ಆ ಡಾಕ್ಟರ್ ಎಲ್ಲಾರ ಮುಂದ ನನ್ನ ಮ್ಯಾಲ ಜಿಗಿದು ಬಂದ. ಸೊಸಿನ್ನ ಕೊಲ್ತಿದ್ದಿ ಅಂದ. ನನಗ!"

ಮಂಪರಿನ ಔಷಧ ಕೊಡುವ ಮುನ್ನ ಹೊಟ್ಟೆ ಖಾಲಿ ಇರಬೇಕು. ಇಲ್ಲದಿದ್ದರೆ ತಿಂದದ್ದು ಉಸಿರಿನ ನಾಳಕ್ಕೆ ಇಳಿದು ಜೀವಕ್ಕೇ ಕುತ್ತು ಬರುತ್ತದೆ. ಇದನ್ನು ಸೂಗಮ್ಮನಿಗೆ ಪ್ರತಿ ಸಲವೂ ಹೇಳಿದ್ದರು. ಅವಳು ಪ್ರತಿ ಸಲವೂ ತಲೆಯಾಡಿಸಿದ್ದಳು. ಸೊಸೆಗೆ ಚಹಾ ಕೊಟ್ಟಿರಲಿಲ್ಲ, ರೊಟ್ಟಿ ಕೊಟ್ಟಿರಲಿಲ್ಲ. ತುಪ್ಪ ಬೆಲ್ಲ ಹಾಕಿದ ಸಜ್ಜಕ ಕೊಟ್ಟಿದ್ದಳು, ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ಅವಳ ಮನಸ್ಸಿನಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಇಂಥ ಶುದ್ಧ ಮನಸ್ಸಿನವರ ಕೈಯಲ್ಲಿ ಸಿಕ್ಕವರನ್ನು ಯಾವ ದೇವರೂ ಕಾಯುವುದು ಕಷ್ಟ.

ಸೌಭಾಗ್ಯ ಹಿಡಿದದ್ದು ಬೇರೆ ಮಾತನ್ನು.

"ಐದನೇ ಸಲ?" ಅಂದಳು. "ಎರಡ ಸಲಕ್ಕ ಬಿಡಿಸ್ಕೊಂಡು ಬಂದ್ರಿ. ಐದನೇದು ಎಲ್ಲಿಂದ ಬಂತು?"

ವಿಶ್ವರಾಧ್ಯ ಥಾನಿನ ಅಂಚಿನಿಂದ ಒಂದು ದಾರ ಎಳೆಯತೊಡಗಿದ. ಸೂಗಮ್ಮ ಬಾಯಿ ತಪ್ಪಿತು ಎನ್ನಬಹುದಿತ್ತು. ಆದರೆ ತಾನು ಸೋತೆ ಎಂದು ಒಪ್ಪುವುದಕ್ಕಿಂತ ಸುಳ್ಳು ಹೇಳಿದೆ ಎಂದು ಒಪ್ಪುವುದು ಅವಳಿಗೆ ಹಗುರವಾಗಿತ್ತು.

"ಹ್ಞೂಂ, ಐದನೇ ಸಲ! ಎಂಟು ಸಲ ಕೊಟ್ಟಾರ. ಎಂಟೂ ಸಲ ಬಾಗಲಾಗ ಕುಂತು ಜಪ ಮಾಡಿದಾಕಿ ನಾನು. ನೀ ಎದ್ದದ್ದು ಕರೆಂಟಿನಿಂದೋ ನನ್ನ ಜಪದಿಂದೋ, ನೀ ಏನು ಬಲ್ಲಿ? ನಿನಗ ನೆನಪರ ಅದನ?"

"ಇಲ್ರಿ" ಎಂದಳು ಸೌಭಾಗ್ಯ. "ನಾ ಮರ್ತದ್ದು ಎರಡು ತಿಂಗಳ. ಆರು ವರ್ಷ ಬರೋಬ್ಬರಿ ನೆನಪದ. ಮಂಗಳವಾರ ಯಾದಗಿರಿಗೆ ಹೋಗಾಕಿ ನಾನು. ಯಾರೂ ಬರದಿದ್ರ ಒಬ್ಬಾಕಿನೇ ಹೋಗ್ತೀನಿ."

ಒಬ್ಬಳೇ ಹೋಗಬೇಕಾಗಿ ಬರಲಿಲ್ಲ. ವಿಶ್ವರಾಧ್ಯ ಜೊತೆಗೆ ಹೋದ.

ಡಾಕ್ಟರು ರಾಯಚೂರು ಕಡೆಯವರು, ನಡುವಯಸ್ಸಿನವರು. ಅವಳನ್ನು ಕಂಡು ಖುಷಿಪಟ್ಟರು, ಅವಳು ಹೇಳಿದ್ದನ್ನು ಕೇಳಿ ಖುಷಿ ಬಿಟ್ಟರು. "ಇದನ್ನ ನಾನು ನಿಮಗ ಹಿಂದಕ್ಕೂ ಹೇಳೀನಿ. ನಿಮಗ ಮೊದಲ ಸಲ ಕೇಳಿದಂಗ ಇರ್ತದ. ಇರ್ಲಿ, ನನಗೇನೂ ಬ್ಯಾಸರಿಲ್ಲ" ಎಂದು ಮತ್ತೆ ಎಲ್ಲ ಬಿಡಿಸಿ ಹೇಳಿದರು. ಸಿನೆಮಾದಲ್ಲಿ ಕೈಕಾಲು ಕಟ್ಟಿ ಒದ್ದಾಡಿಸುತ್ತಾರಲ್ಲ, ಅದಲ್ಲ ಇದು. ಮಂಪರು ಕೊಡುತ್ತಾರೆ, ಮೈ ಸಡಿಲವಾಗಲು ಒಂದು ಇಂಜೆಕ್ಷನ್ ಕೊಡುತ್ತಾರೆ, ಕರೆಂಟು ಕೆಲವೇ ಸೆಕೆಂಡು. ಗುಳಿಗೆಗೆ ಬಗ್ಗದ ರೋಗ ಇದಕ್ಕೆ ಬಗ್ಗುತ್ತದೆ, ಎಲ್ಲರಿಗೂ ಅಲ್ಲದಿದ್ದರೂ ಬಹಳ ಮಂದಿಗೆ. ಹೈದರಾಬಾದಿನಲ್ಲಿ ಅಯಸ್ಕಾಂತದ ಮಷೀನಿನಿಂದಲೂ ಮಾಡುತ್ತಾರೆ. ಅದಕ್ಕೆ ಮಂಪರು ಬೇಡ, ನೆನಪಿಗೂ ಇಷ್ಟು ಪೆಟ್ಟಿಲ್ಲ, ಆದರೆ ವಾರಗಟ್ಟಲೆ ದಿನಾ ಹೋಗಬೇಕು.

"ನಿಮಗ ಇದು ಹಿಡಿದದ. ಐದಾರು ಆದ ಮ್ಯಾಲ ನೀವೇ ನನ್ನ ಕಡಿಂದ ಬಾಚಣಿಗಿ ಕೇಳಿ ಇಸ್ಕೊಂಡು ತಲಿ ಬಾಚ್ಕೊಂಡ್ರಿ. ಆರಾಮಾದ ಮ್ಯಾಲೂ ತಿಂಗಳಿಗೊಮ್ಮೆ ಬರ್ರಿ, ಇಲ್ಲಾಂದ್ರ ಹೊಳ್ಳಿ ಬರ್ತದ ಅಂದಿದ್ದೆ. ನೀವು ಈ ಕಡಿ ಮುಖ ಹಾಕಲಿಲ್ಲ."

ಸೌಭಾಗ್ಯ ಗಂಡನನ್ನು ನೋಡಿದಳು. ಗಂಡ ಫ್ಯಾನು ನೋಡಿದ.

ಶುಕ್ರವಾರ ಬರಲು ಹೇಳಿದರು. ಆ ಮುಂಜಾನೆ ಸೌಭಾಗ್ಯ ಹೆಣಗಿ ಎದ್ದು ಮಗಳಿಗೆ ಜಡೆ ಹಾಕಿದಳು. ಬಾಗಿಲಲ್ಲಿ ಸೂಗಮ್ಮ ಬಟ್ಟಲು ಹಿಡಿದು ನಿಂತಿದ್ದಳು. ಅಷ್ಟೆಲ್ಲ ಆದ ಮೇಲೂ! ಸೌಭಾಗ್ಯ ಬಟ್ಟಲು ತೆಗೆದುಕೊಂಡು ಕಣ್ಣಿಗೊತ್ತಿ ಕಟ್ಟೆಯ ಮೇಲಿಟ್ಟಳು. "ಬಂದು ತಗೋತೀನ್ರಿ" ಎಂದು ಹೊರಟಳು.

ದವಾಖಾನೆಯಲ್ಲಿ ಒಳಗೆ ಕರೆಯುವವರೆಗೆ ಇಬ್ಬರೂ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು. ಆಗ ಸೌಭಾಗ್ಯ ಹೇಳಿದಳು.

"ನೋಡ್ರಿ, ಎದ್ದ ಮ್ಯಾಲ ಈ ಮುಂಜಾನಿ ನನಗ ನೆನಪಿರಂಗಿಲ್ಲ. ಈ ಮಾತೂ ಇರಂಗಿಲ್ಲ. ನಿಮ್ಮವ್ವ ಮತ್ತೊಂದು ಕತಿ ಕಟ್ತಾರ, ಅವ್ರಿಗೆ ಕಟ್ಟಾಕ ಜಾಗ ಸಿಕ್ಕದ. ನೀವು ಸುಮ್ನ ಕುಂದರ್ತೀರಿ. ಹೋದ ಸಲ ನೀವು ಒಂದ ಮಾತು ಖರೇ ಹೇಳಿದ್ರ ನಾ ತಿಂಗಳಾ ತಿಂಗಳಾ ಬರ್ತಿದ್ದೆ, ಇದು ಹೊಳ್ಳಿ ಬರ್ತಿದ್ದಿಲ್ಲ. ಪೂರಾ ಬಂತಂದ್ರ ಈ ಸಲ ನಾ ಉಳ್ಯಂಗಿಲ್ಲ. ಹೆದರ್ಸಾಕ ಹೇಳಾಕತ್ತಿಲ್ಲ."

ವಿಶ್ವರಾಧ್ಯ ಕೈ ಹಿಸುಕಿಕೊಂಡ. "ಹೇಳ್ತೀನಿ ಬಿಡು."

"ಯಾರ ಮುಂದ?"

"ನಿನ್ನ ಮುಂದ."

"ನನ್ನ ಮುಂದ ಹೇಳಿ ಏನು ಮಾಡ್ತೀರಿ? ನಾ ಮರಿಯಾಕಿ. ಅಂಗಡ್ಯಾಗ ಹೇಳ್ರಿ, ಮಂದಿ ಮುಂದ. ಸುರಪುರಕ್ಕ ಒಮ್ಮಿ ಗೊತ್ತಾತಂದ್ರ, ನಾ ಮರ್ತರೂ ಊರು ಮರ್ಯಂಗಿಲ್ಲ. ಆಮ್ಯಾಲ ಯಾರು ಏನು ಕತಿ ಕಟ್ತಾರ ಕಟ್ಲಿ."

ನರ್ಸು ಹೆಸರು ಕರೆದಳು. ವಿಶ್ವರಾಧ್ಯ "ಹ್ಞೂಂ" ಎಂದ, ಅಥವಾ ಕೆಮ್ಮಿದ. ಎರಡರಲ್ಲಿ ಯಾವುದೆಂದು ತಿಳಿಯಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ್ದ ಸೌಭಾಗ್ಯಳಿಗೆ ಅದರ ಮೇಲೆ ಕಾಸಿನ ನಂಬಿಕೆಯೂ ಇರಲಿಲ್ಲ. ಒಳಗೆ ಹೋದಳು.

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ರಾಮಸಮುದ್ರದಿಂದ ಬೀಗರ ಮನೆಗೆ ಬಂದಿದ್ದ ಹೆಣ್ಣುಮಕ್ಕಳ ಒಂದು ಹಿಂಡು ಸೀರೆ ಹರವಿಸಿಕೊಂಡು ಕೂತಿತ್ತು. ಹಿಂದಿನ ಓಣಿಯಲ್ಲಿ ಕುಪ್ಪಸ ಹೊಲಿಯುವ ಖಾಸಿಂಬೀ ಅಸ್ತರಿನ ಬಟ್ಟೆಗೆ ಬಂದಿದ್ದಳು. ಸೂಗಮ್ಮ ಗಲ್ಲಾಪೆಟ್ಟಿಗೆಯ ಪಕ್ಕದ ಗಾದಿಯ ಮೇಲಿದ್ದಳು. ವಿಶ್ವರಾಧ್ಯ ಮೀಟರ್ ಕೋಲು ಹಿಡಿದು ಬಟ್ಟೆ ಅಳೆಯುತ್ತಿದ್ದ. ಸೌಭಾಗ್ಯ ಚಹಾದ ತಾಟು ಹಿಡಿದು ಒಳಗಿನಿಂದ ಬಂದಳು.

"ನಿನ್ನಿ ಬಸ್ಸಿನ್ಯಾಗ ನೋಡ್ದೆ, ಯಾದಗಿರಿಗೆ ಹೊಂಟಿದ್ರಿ. ಎಲ್ಲಾ ಖೈರಿಯತ್ ಅದನ?" ಎಂದು ಖಾಸಿಂಬೀ ಅವಳನ್ನು ಕೇಳಿದಳು.

ಉತ್ತರ ಸೂಗಮ್ಮ ಕೊಟ್ಟಳು. "ಅದ, ಥೈರಾಯ್ಡ್ ತೋರ್ಸಾಕ ಹೋಗಿದ್ರವ್ವಾ. ಡಾಕ್ಟರ್ ರಕ್ತ ತಗದು ನೋಡಿ, ಇಕಿಗೆ ಏನೂ ಬ್ಯಾಡಂತ ಹೊಳ್ಳಿ ಕಳಿಸಿದ. ಎಲ್ಲಾ ಅಜ್ಜನ ಅಂಗಾರ."

ಸೌಭಾಗ್ಯ ತಾಟು ಹಿಡಿದು ಹಾಗೇ ನಿಂತಳು. ಅತ್ತೆಯೊಂದಿಗೆ ಆಡಿದ ಜಗಳ ನೆನಪಿತ್ತು, ಮಂಗಳವಾರ ಡಾಕ್ಟರು ಹೇಳಿದ್ದೂ ಮಸುಕಾಗಿ ಇತ್ತು. ಶುಕ್ರವಾರ ಮಾತ್ರ ಇರಲಿಲ್ಲ. ಕೈಯ ಮೇಲೆ ಅಂಟಿಸಿದ ಪಟ್ಟಿ ಇತ್ತು, ಅದಕ್ಕೂ ಈಗ ರಕ್ತ ತೆಗೆದ ಕಾರಣ ಸಿಕ್ಕಿತ್ತು. ಹಾಗಾದರೆ ಚಿಕಿತ್ಸೆ ಕೊಡಲೇ ಇಲ್ಲವೇ? ಮತ್ತೆ ಹೋಗುವುದು ಬೇಡವೇ? ಗಂಡನ ಕಡೆ ನೋಡಿದಳು, ನೋಡಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ.

ವಿಶ್ವರಾಧ್ಯ ಅಳೆಯುವುದನ್ನು ನಿಲ್ಲಿಸಿದ.

"ಥೈರಾಯ್ಡ್ ಅಲ್ರಿ" ಅಂದ. ದನಿ ಒಡೆದು ಬೇಕಾದದ್ದಕ್ಕಿಂತ ಜೋರಾಗಿ ಬಂತು. "ನನ್ನ ಹೆಂಡ್ತಿಗೆ ಮನಸಿನ ರೋಗ. ಗುಳಿಗಿಗೆ ಬಗ್ಗಲಿಲ್ಲ. ತಲಿಗೆ ಕರೆಂಟ್ ಕೊಡಿಸೀವಿ. ಯುಗಾದಿ ಆದ ಮ್ಯಾಲ ಎಂಟು ಸಲ, ನಿನ್ನಿ ಒಂದು ಸಲ. ಅದರಿಂದನೇ ಎದ್ದಾಳ. ಇನ್ನ ತಿಂಗಳಾ ತಿಂಗಳಾ ಹೋಗ್ತೀವಿ."

ಸೀರೆ ಹರವಿದ ಕೈಗಳೆಲ್ಲ ಹಾಗೇ ನಿಂತವು. ಖಾಸಿಂಬೀ ಬಾಯಿಗೆ ಸೆರಗು ಹಿಡಿದಳು.

"ಏ ತಮ್ಮಾ, ಹುಚ್ಚ ಹಿಡದದೇನು? ಗಿರಾಕಿ ಅದಾರ!" ಎಂದಳು ಸೂಗಮ್ಮ.

"ಇರ್ಲಿ ಬಿಡವ್ವಾ. ಅವ್ರೇ ಬೇಕಾಗಿತ್ತು."

ಹಣೆಯ ಬೆವರು ಒರೆಸಿಕೊಂಡು ಅವನು ಮತ್ತೆ ಕೋಲು ಹಿಡಿದ. ಒಂದು ಮೀಟರಿಗೆ ಬದಲು ಒಂದೂಕಾಲು ಅಳೆದ. ಅವನ ಅಂಗಡಿಯ ಇತಿಹಾಸದಲ್ಲಿ ಅಂಥ ತಪ್ಪು ಗಿರಾಕಿಯ ಲಾಭಕ್ಕೆ ಆದದ್ದು ಅದೇ ಮೊದಲು. ಸಂಜೆಯೊಳಗೆ ಸುರಪುರಕ್ಕೆಲ್ಲ ಗೊತ್ತಾಗುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಾಳೆ ಬೆಳಗಾದರೆ ಶಹಾಪುರದಿಂದ ಬಸವೇಶ್ವರಿಯ ಫೋನು ಬರುತ್ತದೆ.

ಸೌಭಾಗ್ಯ ತಾಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿ ಅವನನ್ನು ಒಳಬಾಗಿಲಿಗೆ ಕರೆದಳು. ಅವಳಿಗೆ ನಾಚಿಕೆಯಾಗಿತ್ತು, ಸಿಟ್ಟು ಬಂದಿತ್ತು. ಬೆಂಚಿನ ಮೇಲೆ ಆಡಿದ ಮಾತು ಈಗ ಲೋಕದಲ್ಲಿ ಉಳಿದದ್ದು ಒಬ್ಬನ ತಲೆಯಲ್ಲಿ ಮಾತ್ರ. ಅವನು ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ.

"ಅಷ್ಟು ಮಂದಿ ಮುಂದ ಒದರಾಕ ನಿಮಗೇನಾಗಿತ್ರೀ? ಯಾರು ಹೇಳಂದ್ರು ನಿಮಗ?"

ವಿಶ್ವರಾಧ್ಯ ಮೀಟರ್ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ನೀನೇ" ಎಂದ. ಆಮೇಲೆ ತಾಟಿನಿಂದ ಒಂದು ಕಪ್ ಚಹಾ ತೆಗೆದುಕೊಂಡು ಬಟ್ಟೆ ಹರಿಯಲು ಹೋದ.